ಎರವಲು ಹೆಸರಿನ ನಾಣ್ಯಗಳು

ಹದಿನೆಂಟನೆಯ ಶತಮಾನದ ನಡುಭಾಗದಲ್ಲಿ ಮದ್ರಾಸಿನ ಟಂಕಸಾಲೆಯಿಂದ ಹೊರಬಿದ್ದ ಚಿನ್ನದ ವರಹವೊಂದು ಮೂರೂವರೆ ಗ್ರಾಂಗಿಂತ ತುಸು ಕಡಿಮೆ ತೂಗುತ್ತದೆ. ಅಗಲ ಅರ್ಧ ಇಂಚೂ ಇಲ್ಲ. ಒಂದು ಬದಿಯಲ್ಲಿ ನಿಂತ ಭಂಗಿಯ ವಿಷ್ಣು. ಮುಖ, ತೋಳು, ಪಂಚೆಯ ನೆರಿಗೆಗಳೆಲ್ಲ ನಾಲ್ಕಾರು ಚುಕ್ಕೆ, ಏಳೆಂಟು ಗೆರೆಗಳಲ್ಲಿ ಮುಗಿದುಹೋಗಿವೆ. ಇನ್ನೊಂದು ಬದಿ ಸ್ವಲ್ಪ ಉಬ್ಬಿಕೊಂಡಿದ್ದು, ಮೈತುಂಬ ಸಣ್ಣ ಸಣ್ಣ ಬೊಕ್ಕೆಗಳಿವೆ. ಅವುಗಳ ನಡುವೆ ಐದು ಮೂಲೆಯ ಒಂದು ನಕ್ಷತ್ರ. ಅಷ್ಟೇ. ಒಂದು ಅಕ್ಷರವಿಲ್ಲ, ಇಸವಿಯಿಲ್ಲ, ರಾಜನ ಹೆಸರಿಲ್ಲ, ಊರಿನ ಹೆಸರಿಲ್ಲ. ಇದನ್ನು ಅಚ್ಚು ಹಾಕಿಸಿದವರು ಲಂಡನ್ನಿನ ವ್ಯಾಪಾರಿಗಳ ಒಂದು ಕಂಪನಿಯವರು ಎಂಬುದಕ್ಕೆ ನಾಣ್ಯದ ಮೇಲೆ ಇರುವ ಏಕೈಕ ಸಾಕ್ಷಿ ಆ ನಕ್ಷತ್ರ.

ಇಂಗ್ಲಿಷಿನವರು ಇದನ್ನು ಸ್ಟಾರ್ ಪಗೋಡ ಎಂದರು. ದಕ್ಷಿಣದ ಪೇಟೆಗಳಲ್ಲಿ ಇದಕ್ಕೆ ಪೂವರಹ ಎಂದೂ ಹೆಸರಿತ್ತು. ಈಸ್ಟ್ ಇಂಡಿಯಾ ಕಂಪನಿ ಭಾರತದಲ್ಲಿ ಹಾಕಿಸಿದ ಮೊದಲ ನೂರೈವತ್ತು ವರ್ಷಗಳ ನಾಣ್ಯಗಳಲ್ಲಿ ಬಹುಪಾಲಿನ ಕಥೆ ಇದೇ: ಮುದ್ರೆ ಬೇರೆಯವರದು, ಹೆಸರು ಬೇರೆಯವರದು, ಲಾಭ ಮಾತ್ರ ಕಂಪನಿಯದು. ಮುಂದೆ ಇಡೀ ದೇಶವನ್ನು ಆಳಿದವರು ಅಷ್ಟು ಕಾಲ ಮುಖ ಮರೆಸಿಕೊಂಡು ವ್ಯವಹಾರ ಮಾಡಿದರು. ಸಂಗ್ರಾಹಕರನ್ನು ಹಿಡಿದು ನಿಲ್ಲಿಸುವುದೂ ಇದೇ ಮುಸುಕು. ರಾಣಿ ವಿಕ್ಟೋರಿಯಾಳ ರೂಪಾಯಿಯನ್ನು ಯಾರು ಬೇಕಾದರೂ ಗುರುತಿಸಬಹುದು. ಅದರಲ್ಲಿ ಹುಡುಕುವುದಕ್ಕೆ ಹೆಚ್ಚೇನೂ ಇಲ್ಲ. ಆದರೆ ಮೊಘಲ್ ಬಾದಶಹನ ಹೆಸರಿರುವ ಒಂದು ಬೆಳ್ಳಿಯ ಬಿಲ್ಲೆಯನ್ನು ಎತ್ತಿಕೊಂಡು, ಇದು ಬಾದಶಹನದಲ್ಲ, ನವಾಬನದೂ ಅಲ್ಲ, ಮದ್ರಾಸಿನ ಇಂಗ್ಲಿಷರದು ಎಂದು ಒಂದು ಪುಟ್ಟ ಕಮಲದಿಂದ ಹೇಳುವುದು ಬೇರೆಯದೇ ಸುಖ.

ದೇವರ ಮುದ್ರೆಯ ಕಾರಣ ಸರಳ. 1639ರಲ್ಲಿ ದಾಮರ್ಲ ವೆಂಕಟಾದ್ರಿ ನಾಯಕನಿಂದ ಇಂಗ್ಲಿಷರಿಗೆ ಮದ್ರಾಸಿನ ನೆಲ ದಕ್ಕಿದಾಗ ಅದರೊಂದಿಗೇ ನಾಣ್ಯ ಹಾಕಿಸುವ ಹಕ್ಕೂ ಬಂತು. ಆಗ ವಿಜಯನಗರದ ವೈಭವ ಮುಗಿದು, ಅರವೀಡು ವಂಶದ ಹೆಸರಷ್ಟೇ ಉಳಿದಿತ್ತು. ಆದರೆ ವಿಜಯನಗರದ ವರಹ ಸತ್ತಿರಲಿಲ್ಲ. ಅರವೀಡಿನ ವೆಂಕಟಪತಿರಾಯ ತನ್ನ ವರಹಗಳ ಮೇಲೆ ತಿರುಪತಿಯ ವೆಂಕಟೇಶ್ವರನನ್ನು ನಿಲ್ಲಿಸಿದ್ದ. ಕರಾವಳಿಯ ನೇಕಾರ, ದಲಾಲಿ, ಸರಾಫ ಎಲ್ಲರೂ ಆ ಮುದ್ರೆಗೆ ಒಗ್ಗಿಹೋಗಿದ್ದರು. ಕಂಪನಿಗೆ ಬೇಕಾಗಿದ್ದದ್ದು ಬಟ್ಟೆ. ಬಟ್ಟೆ ನೇಯುವವನಿಗೆ ಬೇಕಾಗಿದ್ದದ್ದು ತನ್ನೂರಿನ ಸಂತೆಯಲ್ಲಿ ತಕರಾರಿಲ್ಲದೆ ನಡೆಯುವ ನಾಣ್ಯ. ಅವನ ಮುಂದೆ ಇಂಗ್ಲೆಂಡಿನ ರಾಜನ ತಲೆಯಿರುವ ಚಿನ್ನವನ್ನಿಟ್ಟರೆ ಅವನು ಅದನ್ನು ನಾಣ್ಯವೆಂದು ಎಣಿಸುತ್ತಿರಲಿಲ್ಲ, ಲೋಹವೆಂದು ತೂಗುತ್ತಿದ್ದ. ಹಾಗಾಗಿ ಕಟ್ಟಾ ಕ್ರೈಸ್ತರಾದ ಫೋರ್ಟ್ ಸೇಂಟ್ ಜಾರ್ಜಿನ ಗವರ್ನರರ ಕೈಕೆಳಗೆ ವೆಂಕಟೇಶ್ವರ, ಅವನ ಎರಡೂ ಬದಿಗೆ ದೇವಿಯರು ಇರುವ ‘ಮೂರು ಸ್ವಾಮಿ’ ವರಹಗಳು ಅಚ್ಚಾದವು. 1740ರ ಸುಮಾರಿಗೆ ಅದರ ಜಾಗಕ್ಕೆ ನಕ್ಷತ್ರದ ವರಹ ಬಂತು.

ಆ ಕಾಲದ ಲೆಕ್ಕ ಇವತ್ತಿನವರ ತಲೆ ತಿರುಗಿಸುತ್ತದೆ. ಮದ್ರಾಸಿನಲ್ಲಿ 80 ಕಾಸಿಗೆ ಒಂದು ಹಣ, 42 ಹಣಕ್ಕೆ ಒಂದು ವರಹ. ಅಂದರೆ ಒಂದು ವರಹಕ್ಕೆ 3,360 ಕಾಸು. ಬೆಳ್ಳಿಯ ರೂಪಾಯಿಯ ಲೆಕ್ಕದಲ್ಲಿ ಮೂರೂವರೆ ರೂಪಾಯಿಗೆ ಒಂದು ವರಹ. ಇದು ಕಾಗದದ ಮೇಲಿನ ಲೆಕ್ಕ. ಪೇಟೆಯಲ್ಲಿ ಚಿನ್ನ, ಬೆಳ್ಳಿ, ತಾಮ್ರ ಮೂರೂ ತಮ್ಮ ತಮ್ಮ ಬೆಲೆಯಲ್ಲಿ ಏರಿಳಿಯುತ್ತಿದ್ದವು. ಒಂದಕ್ಕೊಂದನ್ನು ಬದಲಾಯಿಸಿಕೊಡುವ ಸರಾಫನು ತನ್ನ ವಟ್ಟವನ್ನು ಹಿಡಿದುಕೊಂಡೇ ಕೊಡುತ್ತಿದ್ದ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯಲ್ಲಿ ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ ಊರೂರಿನ ನಾಣ್ಯಗಳ ದರವನ್ನು ಬರೆದುಕೊಳ್ಳುತ್ತಾ ಹೋದ. ಇಕ್ಕೇರಿ ವರಹ, ಬಹದ್ದೂರಿ ವರಹ, ಸುಲ್ತಾನಿ ನಾಣ್ಯ, ಕಂಠೀರಾಯಿ ಹಣ, ಎಲ್ಲವೂ ಏಕಕಾಲಕ್ಕೆ ಚಲಾವಣೆಯಲ್ಲಿದ್ದವು. ಕಾಫಿ ಅಂಗಡಿಯಲ್ಲಿ ಕ್ಯೂಆರ್ ಕೋಡ್ ತೋರಿಸುವ ತಲೆಮಾರಿಗೆ ಆ ಪಟ್ಟಿಗಳನ್ನು ಓದಿಸಬೇಕು.

ಇಷ್ಟಕ್ಕೂ ಈ ನಡವಳಿಕೆ ಇಂಗ್ಲಿಷರೊಬ್ಬರದೇ ಅಲ್ಲ. ಅವರಿಗಿಂತ ಮೊದಲು, 1510ರಲ್ಲಿ, ಬಿಜಾಪುರದವರಿಂದ ಗೋವೆಯನ್ನು ಕಿತ್ತುಕೊಂಡ ಅಲ್ಬುಕರ್ಕ್ ಅಲ್ಲೇ ಟಂಕಸಾಲೆ ತೆರೆದು ಶಿಲುಬೆ ಮತ್ತು ಖಗೋಳದ ಗೋಲವಿರುವ ನಾಣ್ಯಗಳನ್ನು ಹಾಕಿಸಿದ. ಪೋರ್ಚುಗೀಸರಿಗೆ ಮರೆಮಾಚುವ ಅಭ್ಯಾಸ ಕಡಿಮೆ. ಡೇನರು ತರಂಗಂಬಾಡಿಯಲ್ಲಿ ಸೀಸದ ಕಾಸು ಹಾಕಿಸಿದರು. ಪುದುಚೇರಿಯ ಫ್ರೆಂಚರ ತಾಮ್ರದ ದುಡ್ಡಿನ ಒಂದು ಬದಿಗೆ ಅವರ ಲಿಲಿ ಹೂ, ಇನ್ನೊಂದು ಬದಿಗೆ ತಮಿಳಿನಲ್ಲಿ ಊರ ಹೆಸರು.

ಕಂಪನಿ ಒಮ್ಮೆ ತನ್ನದೇ ಮುಖ ತೋರಿಸಲು ಹೋಗಿ ಕೈ ಸುಟ್ಟುಕೊಂಡದ್ದೂ ಉಂಟು. ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳನ್ನು ಮದುವೆಯಾದ ಇಂಗ್ಲೆಂಡಿನ ಎರಡನೆಯ ಚಾರ್ಲ್ಸನಿಗೆ ಬಳುವಳಿಯಾಗಿ ಬಂದದ್ದು ಮುಂಬಯಿ. ಅವನು 1668ರಲ್ಲಿ ಅದನ್ನು ವರ್ಷಕ್ಕೆ ಹತ್ತು ಪೌಂಡಿನ ಬಾಡಿಗೆಗೆ ಕಂಪನಿಗೆ ಕೊಟ್ಟುಬಿಟ್ಟ. ಇಲ್ಲಿ ನಾಯಕನೂ ಇಲ್ಲ, ನವಾಬನೂ ಇಲ್ಲ. ನೆಲ ಇಂಗ್ಲೆಂಡಿನ ರಾಜನದು. ಗವರ್ನರ್ ಜೆರಾಲ್ಡ್ ಆಂಗಿಯರ್ 1672ರ ಹೊತ್ತಿಗೆ ಟಂಕಸಾಲೆ ಶುರು ಮಾಡಿಸಿದ. ನಾಣ್ಯಗಳಿಗೆ ಇಟ್ಟ ಹೆಸರುಗಳೋ ಮಕ್ಕಳ ನಾಮಕರಣದ ಪಟ್ಟಿಯಂತಿವೆ: ಚಿನ್ನದ್ದು ಕರೋಲಿನಾ, ಬೆಳ್ಳಿಯದು ಆಂಗ್ಲಿನಾ, ತಾಮ್ರದ್ದು ಕಾಪರೂನ್, ತವರದ್ದು ಟಿನ್ನಿ. ಲ್ಯಾಟಿನ್ ಬರಹ, ಕಂಪನಿಯ ಲಾಂಛನ, ಜೊತೆಗೆ ಮುಂಬಯಿಯಲ್ಲಿ ಇಂಗ್ಲಿಷರ ಆಳ್ವಿಕೆ ಶುರುವಾಗಿ ಇಷ್ಟನೆಯ ವರ್ಷ ಎಂಬ ಎಣಿಕೆ. 1676ರಲ್ಲಿ ರಾಜನಿಂದ ವಿಧ್ಯುಕ್ತ ಸನದೂ ಬಂತು. ಮರುವರ್ಷದ ರೂಪಾಯಿಯ ಮೇಲೆ ಅಚ್ಚ ಇಂಗ್ಲಿಷಿನಲ್ಲಿ, ಇದು ಎರಡನೆಯ ಚಾರ್ಲ್ಸನ ಅಪ್ಪಣೆಯಂತೆ ಹಾಕಿದ ಮುಂಬಯಿಯ ರೂಪಾಯಿ ಎಂದು ಕೊರೆಯಲಾಯಿತು.

ದ್ವೀಪದೊಳಗೆ ಅದು ನಡೆಯಿತು. ಖಾರಿ ದಾಟಿ ಆಚೆ ಕಡೆ ಹೋದರೆ ಅದು ಬೆಳ್ಳಿಯ ಚೂರು ಮಾತ್ರ. ಮೊಘಲರ ನಾಡಿನಲ್ಲಿ ನಾಣ್ಯದ ಮೇಲೆ ಹೆಸರು ಹಾಕಿಸುವುದೆಂದರೆ ಶುಕ್ರವಾರದ ಪ್ರಾರ್ಥನೆಯಲ್ಲಿ ಹೆಸರು ಹೇಳಿಸಿಕೊಂಡಷ್ಟೇ ದೊಡ್ಡ ಮಾತು. ಸಾರ್ವಭೌಮನಿಗೆ ಮಾತ್ರ ಮೀಸಲಾದ ಹಕ್ಕು. ಇಂಗ್ಲಿಷರು ಮುಂದೆ ಪಾರಸಿ ಲಿಪಿಯಲ್ಲೇ ತಮ್ಮ ರಾಜ ವಿಲಿಯಂ, ರಾಣಿ ಮೇರಿಯರ ಹೆಸರು ಬರೆಸಿ ರೂಪಾಯಿ ಹಾಕಿಸಿದಾಗ ಅದು ಔರಂಗಜೇಬನ ದರ್ಬಾರಿಗೆ ಸಹಿಸಲಾಗದ ಉದ್ಧಟತನವಾಗಿ ಕಂಡಿತು. ಇತಿಹಾಸಕಾರ ಖಾಫಿ ಖಾನ್ ಇಂಗ್ಲಿಷರ ಮೇಲಿನ ದೂರುಗಳಲ್ಲಿ ಇದನ್ನೂ ಸೇರಿಸಿದ್ದಾನೆ. ಕೊನೆಗೆ ಕಂಪನಿಗೆ ಬುದ್ಧಿ ಬಂತು. 1717ರಲ್ಲಿ ಫರೂಕ್‌ಸಿಯರ್ ಬಾದಶಹನ ಫರ್ಮಾನು ಸಿಕ್ಕ ಮೇಲೆ ಮುಂಬಯಿಯ ರೂಪಾಯಿ ತೆಪ್ಪಗೆ ಮೊಘಲ್ ವೇಷ ತೊಟ್ಟಿತು: ಬಾದಶಹನ ಹೆಸರು, ಪಟ್ಟವೇರಿದ ವರ್ಷ, ‘ಮುಂಬಯಿ’ ಎಂಬ ಟಂಕಸಾಲೆಯ ಹೆಸರು. ಚಾರ್ಲ್ಸನ ಕಾಲದ ಇಂಗ್ಲಿಷ್ ರೂಪಾಯಿಗಳು ಇಂದು ಕೈಗೆಟುಕದಷ್ಟು ಅಪರೂಪ. ಸೋತ ಪ್ರಯೋಗಗಳಿಗೇ ಸಂಗ್ರಹದ ಲೋಕದಲ್ಲಿ ಬೆಲೆ ಹೆಚ್ಚು. ಗೆದ್ದ ನಾಣ್ಯ ಕೋಟಿಗಟ್ಟಲೆ ಅಚ್ಚಾಗಿ ಅಗ್ಗವಾಗುತ್ತದೆ.

ಮದ್ರಾಸಿನ ಬೆಳ್ಳಿಯ ವಿಷಯ ಇನ್ನೂ ಸ್ವಾರಸ್ಯಕರ. ಅಲ್ಲಿ ಕಂಪನಿ 1742ರಲ್ಲಿ ಆರ್ಕಾಟಿನ ರೂಪಾಯಿಯನ್ನು ಹಾಕಿಸಲು ಅನುಮತಿ ಪಡೆಯಿತು. ಫ್ರೆಂಚರಿಗೆ ಆ ಹಕ್ಕು 1736ರಲ್ಲೇ ನವಾಬ ದೋಸ್ತ್ ಅಲಿಯಿಂದ ಸಿಕ್ಕಿತ್ತು. ಈಗ ಆರ್ಕಾಟಿನ ಹೆಸರಿನಲ್ಲಿ ನವಾಬನ ಟಂಕಸಾಲೆಯೂ ಸೇರಿ ಮೂರು ಕಡೆ ರೂಪಾಯಿ ತಯಾರಾಗತೊಡಗಿತು. ಮೂರರ ಮೇಲೂ ಅದೇ ಪಾರಸಿ ಬರಹ, ಅದೇ ಬಾದಶಹ, ಅದೇ ಆರ್ಕಾಟ್. ಬೇರ್ಪಡಿಸುವುದು ಒಂದು ಸಣ್ಣ ಗುರುತು: ಅರ್ಧಚಂದ್ರ ಕಂಡರೆ ಪುದುಚೇರಿಯದು, ಕಮಲ ಕಂಡರೆ ಮದ್ರಾಸಿನದು. ತೊಡಕಿರುವುದು ಇಲ್ಲೇ. ಅಚ್ಚು ದೊಡ್ಡದು, ಬೆಳ್ಳಿಯ ಬಿಲ್ಲೆ ಚಿಕ್ಕದು; ಸುತ್ತಿಗೆಯ ಪೆಟ್ಟು ಬಿದ್ದಾಗ ಅಚ್ಚಿನ ಯಾವ ಭಾಗ ಬಿಲ್ಲೆಯ ಮೇಲೆ ಮೂಡುತ್ತದೆಂಬುದು ಅದೃಷ್ಟಕ್ಕೆ ಬಿಟ್ಟದ್ದು. ಕಮಲವಿರುವ ಮೂಲೆಯೇ ಹೊರಗುಳಿದರೆ ನಾಣ್ಯ ಅನಾಥ. ಕಮಲ, ವರ್ಷ, ಊರ ಹೆಸರು ಮೂರೂ ಪೂರ್ತಿ ಮೂಡಿದ ಬಿಲ್ಲೆ ಸಿಕ್ಕರೆ ಸಂಗ್ರಾಹಕ ಬೆಲೆ ಕೇಳದೆ ಜೇಬಿಗೆ ಕೈ ಹಾಕುತ್ತಾನೆ.

ಮದ್ರಾಸಿನವರು ಆರಿಸಿಕೊಂಡ ಬಾದಶಹ ಎರಡನೆಯ ಆಲಂಗೀರ್. ಅವನ ಆಳ್ವಿಕೆಯ ಆರನೆಯ ವರ್ಷ, ಹಿಜರಿ 1172. ಆ ದೊರೆ 1759ರಲ್ಲೇ ಕೊಲೆಯಾಗಿ ಹೋದ. ಮದ್ರಾಸಿನ ಟಂಕಸಾಲೆ ಮಾತ್ರ ಅವನ ಆರನೆಯ ವರ್ಷವನ್ನು ಹತ್ತೊಂಬತ್ತನೆಯ ಶತಮಾನದ ಎರಡನೆಯ ದಶಕದವರೆಗೂ ಅಚ್ಚು ಹಾಕುತ್ತಲೇ ಇತ್ತು.

ವರ್ಷವನ್ನು ಹೀಗೆ ಹೆಪ್ಪುಗಟ್ಟಿಸಿದ್ದರ ಹಿಂದಿನ ಆರ್ಥಿಕ ಕಾರಣ ಚೆನ್ನಾಗಿ ಕಾಣುವುದು ಬಂಗಾಳದಲ್ಲಿ. 1757ರ ಫೆಬ್ರವರಿಯಲ್ಲಿ ನವಾಬ ಸಿರಾಜುದ್ದೌಲನೊಂದಿಗೆ ಆದ ಒಪ್ಪಂದದಿಂದ ಕಂಪನಿಗೆ ಕಲ್ಕತ್ತೆಯಲ್ಲಿ ನಾಣ್ಯ ಹಾಕಿಸುವ ಹಕ್ಕು ಬಂತು. ಪ್ಲಾಸಿಯ ಕದನ ಆದದ್ದು ಅದೇ ವರ್ಷದ ಜೂನ್‌ನಲ್ಲಿ. ಆಗ ಹಾಕಿದ ರೂಪಾಯಿಗಳ ಮೇಲೆ ಊರಿನ ಹೆಸರು ‘ಅಲಿನಗರ ಕಲ್ಕತ್ತ’. ಕಲ್ಕತ್ತೆಯನ್ನು ಗೆದ್ದಾಗ ಸಿರಾಜ್ ಇಟ್ಟ ಹೆಸರು ಅಲಿನಗರ. ಅವನು ಸೋತ ಮೇಲೂ ಅವನಿಟ್ಟ ಹೆಸರನ್ನು ಇಂಗ್ಲಿಷರೇ ಕೆಲಕಾಲ ಅಚ್ಚು ಹಾಕಬೇಕಾಯಿತು.

ಬಂಗಾಳದಲ್ಲಿ ಒಂದು ಪದ್ಧತಿಯಿತ್ತು. ಈ ವರ್ಷದ ರೂಪಾಯಿ ‘ಸಿಕ್ಕಾ’. ಅದಕ್ಕೆ ಪೂರ್ತಿ ಬೆಲೆ. ವರ್ಷ ಉರುಳಿದಂತೆ, ಬೆಳ್ಳಿ ಒಂದು ಗುಂಜಿಯಷ್ಟೂ ಸವೆಯದಿದ್ದರೂ, ಬೆಲೆ ಇಳಿಯುತ್ತಿತ್ತು. ನೂರು ಹೊಸ ಸಿಕ್ಕಾಗಳಿಗೆ ಲೆಕ್ಕದ ‘ಚಲನಿ’ ರೂಪಾಯಿಯಲ್ಲಿ 116. ಎರಡನೆಯ ವರ್ಷ 113. ಮೂರನೆಯ ವರ್ಷದಿಂದ 111, ಹೆಸರೂ ಬದಲಾಗಿ ‘ಸನಾತ್’. ಹಳೆಯದನ್ನು ಕೊಂಡು ಟಂಕಸಾಲೆಗೆ ಹಾಕಿ ಹೊಸದು ಮಾಡಿಸಿಕೊಳ್ಳುವ ಸರಾಫರಿಗೆ ಇದು ಪ್ರತಿ ವರ್ಷದ ಸುಗ್ಗಿ. ಕಂದಾಯ ಕಟ್ಟಲು ಬಂದ ರೈತನ ಕೈಲಿದ್ದದ್ದು ಯಾವಾಗಲೂ ಮೂರನೆಯ ವರ್ಷದ ರೂಪಾಯಿಯೇ. ಅರ್ಥಶಾಸ್ತ್ರಜ್ಞ ಜೇಮ್ಸ್ ಸ್ಟುವರ್ಟನ ಕೈಯಲ್ಲಿ ಕಂಪನಿ ಈ ಗೊಂದಲದ ಮೇಲೆ ಒಂದು ಪುಸ್ತಕವನ್ನೇ ಬರೆಸಿತು. ಅದು ಅಚ್ಚಾದದ್ದು 1772ರಲ್ಲಿ. ಕೊನೆಗೆ ಕಂಡುಕೊಂಡ ಉಪಾಯ ಮಾತ್ರ ಯಾವ ಪುಸ್ತಕಕ್ಕೂ ಸಿಗದಷ್ಟು ಸಲೀಸು: ವರ್ಷ ಬದಲಾಗುವುದರಿಂದ ತಾನೇ ತೊಂದರೆ? ಬದಲಾಯಿಸುವುದೇ ಬೇಡ! ಎರಡನೆಯ ಶಾ ಆಲಂ ಪಟ್ಟವೇರಿದ ಹತ್ತೊಂಬತ್ತನೆಯ ವರ್ಷಕ್ಕೆ ರೂಪಾಯಿಯನ್ನು ನಿಲ್ಲಿಸಿಬಿಟ್ಟರು.

ಶಾ ಆಲಮನ ಕಣ್ಣುಗಳನ್ನು 1788ರಲ್ಲಿ ಗುಲಾಂ ಕಾದಿರ್ ಕೀಳಿಸಿದ. ಕುರುಡ ಬಾದಶಹ 1806ರಲ್ಲಿ ತೀರಿಕೊಂಡ. ಅವನ ಹತ್ತೊಂಬತ್ತನೆಯ ವರ್ಷ ಕಲ್ಕತ್ತೆಯಲ್ಲಿ 1835ರವರೆಗೆ ಮುಗಿಯಲಿಲ್ಲ. ಫರೂಕಾಬಾದಿನ ಮಾದರಿಯ ರೂಪಾಯಿಯಲ್ಲಿ ಅವನಿಗೆ ನಲವತ್ತೈದನೆಯ ವರ್ಷ, ಸೂರತ್ತಿನ ಮಾದರಿಯಲ್ಲಿ ನಲವತ್ತಾರನೆಯ ವರ್ಷ. ಒಬ್ಬನೇ ದೊರೆಗೆ ಏಕಕಾಲದಲ್ಲಿ ಮೂರು ವಯಸ್ಸು.

ಹಾಗಾದರೆ ಮೇಲೆ ಒಂದೇ ವರ್ಷವಿರುವ ನಾಣ್ಯ 1795ರದೋ 1830ರದೋ ಎಂದು ತಿಳಿಯುವುದು ಹೇಗೆ? ಬೆಳ್ಳಿಯನ್ನು ಬೆರಳಲ್ಲಿ ಹಿಡಿದು ಅಂಚನ್ನು ಬೆಳಕಿಗೆ ತಿರುಗಿಸಬೇಕು. ಅಂಚಿನ ಗೀರುಗಳು ಓರೆಯಾಗಿದ್ದರೆ 1793ರಿಂದ 1818ರ ನಡುವಿನದು. ಗೀರುಗಳು ನೆಟ್ಟಗಿದ್ದರೆ ಅದರ ಮುಂದಿನದು, 1832ರವರೆಗಿನದು. ಅಂಚು ನುಣುಪಾಗಿದ್ದರೆ ಕೊನೆಯ ಮೂರು ವರ್ಷಗಳದ್ದು. ಪಾರಸಿ ಬರಹ ಬಾದಶಹನ ಕಾಲ ಹೇಳಿದರೆ, ಅಂಚು ಯಂತ್ರದ ಕಾಲ ಹೇಳುತ್ತದೆ. ನಾಣ್ಯ ಮಾರುವವನು ಮುಖ ತೋರಿಸುತ್ತಾನೆ, ಕೊಳ್ಳುವವನು ಅಂಚು ನೋಡುತ್ತಾನೆ. ಪ್ಲಾಸ್ಟಿಕ್ಕಿನ ಬಿಗಿ ಡಬ್ಬಿಯಲ್ಲಿ ನಾಣ್ಯವನ್ನು ಮುಚ್ಚಿ ಗ್ರೇಡು ಕೊಡುವ ಇತ್ತೀಚಿನ ಪದ್ಧತಿಯ ಬಗ್ಗೆ ಹಳಬರು ಗೊಣಗುವುದರಲ್ಲಿ ಅರ್ಥವಿದೆ. ಕೆಲವು ಡಬ್ಬಿಗಳಲ್ಲಿ ನೋಡಲೇಬೇಕಾದ ಅಂಚೇ ಮರೆಯಾಗುತ್ತದೆ.

ವರ್ಷ ನಿಲ್ಲಿಸುವ ಈ ಚಾಳಿ ಭಾರತಕ್ಕಷ್ಟೇ ಸೀಮಿತವಲ್ಲ. ಅಮೆರಿಕದ ಮೆಸಾಚುಸೆಟ್ಸ್ ವಸಾಹತಿನಲ್ಲಿ ಜಾನ್ ಹಲ್ ಎಂಬ ಅಕ್ಕಸಾಲಿಗ 1652ರಲ್ಲಿ ಶುರು ಮಾಡಿದ ಟಂಕಸಾಲೆ ಮೂವತ್ತು ವರ್ಷ ನಡೆಯಿತು. ಅಲ್ಲಿನ ಪ್ರಸಿದ್ಧ ಪೈನ್ ಮರದ ಶಿಲ್ಲಿಂಗಿನ ಮೇಲೆ ಕೊನೆಯವರೆಗೂ ಇದ್ದ ಇಸವಿ 1652. ಟಂಕಸಾಲೆಗೆ ಅಪ್ಪಣೆಯಾದ ವರ್ಷ ಅದು. ಇಂಗ್ಲೆಂಡಿನಲ್ಲಿ ರಾಜನೇ ಇಲ್ಲದಿದ್ದ ವರ್ಷವೂ ಹೌದು. ಅಪ್ಪಣೆಯಿಲ್ಲದೆ ನಾಣ್ಯ ಹಾಕಿದಿರೇಕೆ ಎಂದು ಮುಂದೆ ಬಂದ ರಾಜ ಕೇಳಿದರೆ ತಪ್ಪಿಸಿಕೊಳ್ಳಲು ಒಂದು ನೆಪ ಎಂಬುದು ಹಳೆಯ ವಿವರಣೆ. ಅಮೆರಿಕದ ಸಂಗ್ರಾಹಕರಿಗೆ ಆ ಪೈನ್ ಮರ ಎಷ್ಟು ಪ್ರಿಯವೋ, ದಕ್ಷಿಣದವರಿಗೆ ನಕ್ಷತ್ರದ ವರಹ ಅಷ್ಟೇ ಪ್ರಿಯ. ವ್ಯತ್ಯಾಸವೆಂದರೆ ಅವರಿಗೆ ಅದು ತಮ್ಮ ಹಿರಿಯರ ಕೆಚ್ಚಿನ ಗುರುತು. ಇಲ್ಲಿಯವರಿಗೆ ವರಹ ಅಷ್ಟು ಸುಲಭದ ಹೆಮ್ಮೆಯನ್ನು ಕೊಡುವುದಿಲ್ಲ.

ಕಂಪನಿ ಮುಸುಕು ತೆಗೆಯಲು ಶುರು ಮಾಡಿದ್ದು ಚಿನ್ನ ಬೆಳ್ಳಿಗಳಲ್ಲಲ್ಲ, ತಾಮ್ರದಲ್ಲಿ. ಸಣ್ಣ ಚಿಲ್ಲರೆಯ ಮೇಲೆ ಯಾರ ಹೆಸರಿದೆ ಎಂದು ಯಾವ ದರ್ಬಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬರ್ಮಿಂಗ್‌ಹ್ಯಾಮಿನ ಸೋಹೊದಲ್ಲಿ ಮ್ಯಾಥ್ಯೂ ಬೋಲ್ಟನ್ ಉಗಿಯಂತ್ರದಿಂದ ನಾಣ್ಯ ಒತ್ತುವ ಕಾರ್ಖಾನೆ ಕಟ್ಟಿದ. ಅಲ್ಲಿಂದ ಮುಂಬಯಿಗೆಂದು 1791ರಲ್ಲಿ ಬಂದ ತಾಮ್ರದ ಪೈಸೆಗಳ ಒಂದು ಬದಿಗೆ ಕಂಪನಿಯ ಸರಕಿನ ಮೂಟೆಗಳ ಮೇಲೆ ಹಾಕುತ್ತಿದ್ದ ಗುರುತು: ಹೃದಯಾಕಾರದೊಳಗೆ ನಾಲ್ಕು ಮನೆ, ಮನೆಗೊಂದರಂತೆ ವಿ, ಇ, ಐ, ಸಿ ಅಕ್ಷರ, ನೆತ್ತಿಯ ಮೇಲೆ ನಾಲ್ಕರ ಅಂಕಿಯಂಥ ಕೊಕ್ಕೆ. ಇನ್ನೊಂದು ಬದಿಗೆ ತಕ್ಕಡಿ. ಅದರ ತಟ್ಟೆಗಳ ನಡುವೆ ಪಾರಸಿಯಲ್ಲಿ ‘ಅದಿಲ್’, ಅಂದರೆ ನ್ಯಾಯವಂತ. ವ್ಯಾಪಾರಿ ತನ್ನ ತಕ್ಕಡಿಯನ್ನು ತಾನೇ ಹೊಗಳಿಕೊಂಡಂತೆ!

ಇದೇ ಸೋಹೊದ ಮದ್ರಾಸ್ ನಾಣ್ಯಗಳಿಂದ ಸಂಗ್ರಾಹಕರಿಗೆ ಒಂದು ವಿಚಿತ್ರ ಭಾಗ್ಯ ಒದಗಿತು. 1808ರ ಇಸವಿಯ ಹತ್ತು ಕಾಸು, ಇಪ್ಪತ್ತು ಕಾಸುಗಳನ್ನು ಪೀಪಾಯಿಗಳಲ್ಲಿ ತುಂಬಿ ‘ಅಡ್ಮಿರಲ್ ಗಾರ್ಡ್ನರ್’ ಹಡಗಿಗೆ ಹೇರಿದರು; ಒಟ್ಟು 48 ಟನ್ ತಾಮ್ರ. 1809ರ ಜನವರಿಯಲ್ಲಿ ಬಿರುಗಾಳಿಗೆ ಸಿಕ್ಕಿದ ಹಡಗು ಇಂಗ್ಲೆಂಡಿನ ಕೆಂಟ್ ತೀರದ ಗುಡ್ವಿನ್ ಮರಳುದಿಬ್ಬಗಳಲ್ಲಿ ಮುಳುಗಿತು. ನೂರ ಎಪ್ಪತ್ತೈದು ವರ್ಷದ ಮೇಲೆ, 1980ರ ದಶಕದ ನಡುವಿನಲ್ಲಿ, ಮುಳುಗುಗಾರರು ಅದರಿಂದ ಹತ್ತು ಲಕ್ಷಕ್ಕೂ ಹೆಚ್ಚು ನಾಣ್ಯಗಳನ್ನು ಮೇಲೆತ್ತಿದರು. ಭಾರತದ ನೆಲವನ್ನೇ ಮುಟ್ಟದ ಭಾರತದ ನಾಣ್ಯಗಳಿವು. ಇಪ್ಪತ್ತು ಕಾಸಿನ ಮೇಲೆ ಎರಡು ಸಿಂಹಗಳು ಎತ್ತಿ ಹಿಡಿದ ಲಾಂಛನ, ಹಿಂಬದಿಯಲ್ಲಿ ಇಪ್ಪತ್ತು ಕಾಸಿಗೆ ನಾಲ್ಕು ಫಲೂಸು ಎಂದು ಪಾರಸಿಯಲ್ಲಿ ವಿವರ. ಕಡಲ ಉಪ್ಪು ತಿಂದ ಬಿಲ್ಲೆಗಳ ಜೊತೆ, ಪೀಪಾಯಿಯ ನಡುವೆ ಭದ್ರವಾಗಿದ್ದು ಸಿಂಹದ ಕೂದಲು ಎಣಿಸುವಷ್ಟು ಸ್ಪಷ್ಟವಾಗಿ ಉಳಿದವೂ ಇವೆ. ಹೊಸದಾಗಿ ಸಂಗ್ರಹ ಶುರು ಮಾಡುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಮೊದಲ ನಾಣ್ಯ ಇನ್ನೊಂದಿಲ್ಲ. ಇನ್ನೂರು ದಾಟಿದ ವಯಸ್ಸು, ಹಡಗಿನ ಕಥೆ, ಬೆಲೆಯೂ ಹಗುರ.

ಸುಮಾರು ಅದೇ ಹೊತ್ತಿಗೆ ಮದ್ರಾಸಿನಲ್ಲೂ ಯಂತ್ರಗಳು ಬಂದವು. 1807ರ ನಂತರದ ಬೆಳ್ಳಿಯ ಅರ್ಧ ವರಹ ಇಡೀ ಸರಣಿಯಲ್ಲೇ ಅಂದವಾದದ್ದು. ಒಂದು ಬದಿಯ ನಡುವೆ ದೇವಸ್ಥಾನದ ಗೋಪುರ, ಅದರ ಎಡಬಲಕ್ಕೆ ನಕ್ಷತ್ರಗಳು. ಇನ್ನೊಂದು ಬದಿಗೆ ಚುಕ್ಕೆಗಳ ನಡುವೆ ವಿಷ್ಣು. ಸುತ್ತಲೂ ಇಂಗ್ಲಿಷ್, ಪಾರಸಿ, ತಮಿಳು, ತೆಲುಗು ನಾಲ್ಕು ಭಾಷೆಗಳಲ್ಲಿ ಬೆಲೆ. ಇವುಗಳಲ್ಲಿ ಕೆಲವನ್ನು ಭೂತಗನ್ನಡಿಯಲ್ಲಿ ನೋಡಿದರೆ ಗೋಪುರದ ಹಿಂದೆ ಯಾರದೋ ಮೂಗು, ಯಾವುದೋ ಲ್ಯಾಟಿನ್ ಅಕ್ಷರದ ತುಂಡು ಇಣುಕುತ್ತದೆ. ಮೆಕ್ಸಿಕೊ, ಪೆರುಗಳ ಗಣಿಯ ಬೆಳ್ಳಿಯಲ್ಲಿ ಸ್ಪೇನಿನವರು ಹಾಕಿಸಿದ ಡಾಲರಿನ ಮೇಲೇ ಮದ್ರಾಸಿನವರು ಮರುಮುದ್ರೆ ಒತ್ತಿದ್ದರ ಗುರುತು ಅದು. ಸ್ಪೇನಿನ ದೊರೆಯ ಮುಖ ಪೂರ್ತಿ ಅಳಿಸಿಹೋಗದ ನಾಣ್ಯಕ್ಕೆ ಅಳಿಸಿದ್ದಕ್ಕಿಂತ ಹೆಚ್ಚು ಬೇಡಿಕೆ.

ಮೈಸೂರಿನ ಕಥೆ ಇದಕ್ಕೆ ತದ್ವಿರುದ್ಧ ದಿಕ್ಕಿನದು. ಎರವಲು ಪಡೆಯುವ ಕಲೆ ಹೈದರನಿಗೂ ಗೊತ್ತಿತ್ತು. ಇಕ್ಕೇರಿಯನ್ನು ಗೆದ್ದ ಮೇಲೆ ಅವನು ಅಲ್ಲಿನ ವರಹದ ಶಿವ ಪಾರ್ವತಿಯರನ್ನು ಹಾಗೇ ಉಳಿಸಿಕೊಂಡು, ಹಿಂಬದಿಗೆ ತನ್ನ ಹೆಸರಿನ ಮೊದಲಕ್ಷರವನ್ನಷ್ಟೇ ಹಾಕಿಸಿದ. ಮಗ ಟಿಪ್ಪು ದೇವರ ಮುದ್ರೆ ತೆಗೆದು, ತಾಮ್ರದ ಮೇಲೆ ಆನೆ ನಿಲ್ಲಿಸಿ, ಒಂದೊಂದು ನಾಣ್ಯಕ್ಕೂ ಒಂದೊಂದು ಹೆಸರಿಟ್ಟ; ಚಿನ್ನದ್ದು ಅಹ್ಮದಿ, ಬೆಳ್ಳಿಯದು ಇಮಾಮಿ, ತಾಮ್ರದ್ದು ಜೊಹ್ರಾ, ಬಹ್ರಾಮ್. ಮೊಘಲ್ ಬಾದಶಹನ ಹೆಸರನ್ನು ಅವನು ಬಳಸಲೇ ಇಲ್ಲ. ಆ ಧೈರ್ಯ ಆಗ ಕಂಪನಿಗೂ ಇರಲಿಲ್ಲ ಎಂಬುದನ್ನು ಗಮನಿಸಬೇಕು.

1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಶಿವ ಪಾರ್ವತಿಯರು ವರಹಕ್ಕೆ ಮರಳಿದರು. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜರು ಹಾಕಿಸಿದ್ದ, ನರಸಿಂಹನ ಮುದ್ರೆಯ ಪುಟಾಣಿ ಚಿನ್ನದ ಹಣವನ್ನು ದಿವಾನ್ ಪೂರ್ಣಯ್ಯ ಮತ್ತೆ ಹಾಕಿಸಿದರು. ಆದರೆ ಕಣ್ಣರಳಿಸಿ ನೋಡಬೇಕಾದದ್ದು ಮುಮ್ಮಡಿಯವರ ತಾಮ್ರ. ಟಿಪ್ಪುವಿನ ಆನೆ ಹಾಗೇ ಇದೆ; ಅದರ ಮೇಲೆ ಸೂರ್ಯ ಚಂದ್ರರು, ನಡುವೆ ‘ಶ್ರೀ’. ಹಿಂಬದಿಯಲ್ಲಿ ಕನ್ನಡದಲ್ಲಿ ‘ಮಯಿಲಿ ಕಾಸು’ ಎಂದೂ ಬೆಲೆಯೂ ಇದೆ; ಜೊತೆಗೇ ಇಂಗ್ಲಿಷ್ ಅಕ್ಷರದಲ್ಲಿ ಅದೇ ಮಾತು, ರೋಮನ್ ಅಂಕಿಯಲ್ಲಿ ಅದೇ ಬೆಲೆ. ‘ಮಯಿಲಿ’ಯನ್ನು ಕಿವಿಗೆ ಕೇಳಿದಂತೆ ಎಂ, ಇ, ಐ, ಎಲ್, ಇ, ಇ ಎಂದು ಕೊರೆದಿದ್ದಾರೆ. ಮೈಸೂರಿನ ಪೇಟೆಯಲ್ಲಿ ಕಾಸು ಕೊಟ್ಟು ಸೊಪ್ಪು ಕೊಳ್ಳುವವರಲ್ಲಿ ಎಷ್ಟು ಮಂದಿಗೆ ಆ ಇಂಗ್ಲಿಷ್ ಬೇಕಿತ್ತು? ಓದಬೇಕಾಗಿದ್ದವನು ರೆಸಿಡೆಂಟ್ ಸಾಹೇಬ. ನೂರು ವರ್ಷ ಹಿಂದೆ ಮದ್ರಾಸಿನ ಇಂಗ್ಲಿಷರು ವೆಂಕಟೇಶ್ವರನನ್ನು ಹೊತ್ತರು. ಈಗ ಮೈಸೂರಿನ ಆನೆ ಇಂಗ್ಲಿಷ್ ಹೊತ್ತಿತು. ಅಧಿಕಾರ ಎತ್ತ ಸರಿಯಿತೆಂಬುದಕ್ಕೆ ಈ ಎರಡು ನಾಣ್ಯಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು. 1831ರಲ್ಲಿ ಆಡಳಿತ ಇಂಗ್ಲಿಷ್ ಕಮಿಷನರರ ಕೈಗೆ ಹೋದ ಮೇಲೆ ಟಂಕಸಾಲೆ ಬೆಂಗಳೂರಿಗೆ ಬಂತು. ಆನೆಯ ಜಾಗದಲ್ಲಿ ಸಿಂಹ ನಿಂತಿತು. 1843ರಲ್ಲಿ ಟಂಕಸಾಲೆಗೆ ಬೀಗ ಬಿತ್ತು.

ಈ ನಾಣ್ಯಗಳಿಗೆ ಮೊದಲು ಮನಸೋತವರೂ ಕಂಪನಿಯ ನೌಕರರೇ. ಮೈಸೂರನ್ನು ಅಳೆದ ಕಾಲಿನ್ ಮೆಕೆಂಜಿ ಕೈಫಿಯತ್ತುಗಳ ಜೊತೆ ಆರು ಸಾವಿರಕ್ಕೂ ಹೆಚ್ಚು ನಾಣ್ಯ ಕೂಡಿಹಾಕಿದ. ಧಾರವಾಡ ಸೀಮೆಯಲ್ಲಿ ಕೆಲಸ ಮಾಡುತ್ತ ಕನ್ನಡ ಶಾಸನಗಳ ನಕಲು ತೆಗೆಸಿದ ವಾಲ್ಟರ್ ಎಲಿಯಟ್ ದಕ್ಷಿಣದ ನಾಣ್ಯಗಳ ಮೇಲೆ ಬರೆದ. ಮದ್ರಾಸ್ ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್ 1890ರಲ್ಲಿ ಕಂಪನಿಯ ನಾಣ್ಯಗಳ ಚರಿತ್ರೆ ಹೊರತಂದ. ಇಂದು ಹರಾಜಿನ ಪಟ್ಟಿಗಳಲ್ಲಿ ಕಾಣುವ ‘ಪ್ರಿಡ್ಮೋರ್ ಸಂಖ್ಯೆ’ 1975ರಲ್ಲಿ ಬಂದ ಫ್ರೆಡ್ ಪ್ರಿಡ್ಮೋರನ ಸೂಚಿಯದು. ಕರ್ನಾಟಕದ ನಾಣ್ಯಗಳ ಸಮಗ್ರ ಅಧ್ಯಯನಕ್ಕೆ ಎ.ವಿ. ನರಸಿಂಹಮೂರ್ತಿಯವರತ್ತ ತಿರುಗಬೇಕು.

ಇಷ್ಟು ಪಾಂಡಿತ್ಯ ಇರುವ ಕ್ಷೇತ್ರದಲ್ಲೇ ಅತಿ ದೊಡ್ಡ ಮೋಸವೂ ನಡೆಯುತ್ತದೆ. ಒಂದು ಕಡೆ ‘ಈಸ್ಟ್ ಇಂಡಿಯಾ ಕಂಪನಿ, 1818’, ‘ಯುಕೆಎಲ್’, ‘ಅರ್ಧ ಆಣೆ’ ಎಂಬ ಬರಹ, ಇನ್ನೊಂದು ಕಡೆ ಸೀತಾರಾಮ ಲಕ್ಷ್ಮಣ ಹನುಮಂತರು ಇರುವ ಹಿತ್ತಾಳೆ ತಾಮ್ರದ ಬಿಲ್ಲೆಗಳನ್ನು ಅನೇಕರು ಕಂಡಿದ್ದಾರೆ. ಇವು ಅಕ್ಕಿಕಾಳನ್ನು ಎಳೆಯುತ್ತವೆ, ಕೋಟಿ ಬೆಲೆ ಬಾಳುತ್ತವೆ ಎಂದು ನಂಬಿಸಿ ಹಣ ಕಿತ್ತ ‘ರೈಸ್ ಪುಲ್ಲಿಂಗ್’ ಪ್ರಕರಣಗಳು ಬೆಂಗಳೂರಿನ ಪೊಲೀಸರಿಗೆ ಹೊಸದಲ್ಲ. ಕಂಪನಿ ಎಂದೂ ಇಂಥ ನಾಣ್ಯ ಹಾಕಿಸಿಲ್ಲ. ‘ಯುಕೆಎಲ್’ ಎಂಬ ಅಕ್ಷರಗಳು ಅದರ ಯಾವ ನಾಣ್ಯದಲ್ಲೂ ಇಲ್ಲ. ವಿಪರ್ಯಾಸವೇನೆಂದರೆ, ಕಂಪನಿಯ ನಾಣ್ಯದ ಮೇಲೆ ಹಿಂದೂ ದೇವರಿದ್ದದ್ದು ನಿಜವೇ. ವಿಷ್ಣುವಿದ್ದ ಆ ವರಹದ ಮೇಲೆ ಕಂಪನಿಯ ಹೆಸರಿರಲಿಲ್ಲ ಅಷ್ಟೇ.

ನಿಜವಾದ ನಾಣ್ಯ ಸಿಕ್ಕವರು ಮಾಡುವ ಮೊದಲ ತಪ್ಪು ಹುಣಸೆಹಣ್ಣು ಹಾಕಿ ತಿಕ್ಕುವುದು. ಇನ್ನೂರು ವರ್ಷದಲ್ಲಿ ತಾಮ್ರದ ಮೇಲೆ ಕಟ್ಟಿದ ಕಂದು ಪದರ ಒಂದು ನಿಮಿಷದಲ್ಲಿ ಹೋಗುತ್ತದೆ, ಅದರೊಂದಿಗೆ ಅರ್ಧ ಬೆಲೆಯೂ. ವರಹಗಳ ಶತ್ರು ಬೇರೆ: ಕಾಸಿನ ಸರಕ್ಕೆಂದು ಬೆಸೆದ ಕೊಂಡಿ. ಕೊಂಡಿ ಕಿತ್ತು, ಉಜ್ಜಿ, ಗುರುತು ಮುಚ್ಚಿ ಮಾರಲು ತಂದ ವರಹವನ್ನು ಅನುಭವಿಗಳು ಅಂಚಿನಿಂದಲೇ ಹಿಡಿಯುತ್ತಾರೆ. ಹೊಲ ಉಳುವಾಗ ಗಡಿಗೆ ಸಿಕ್ಕರೆ ಅದು ಬೇರೆ ವಿಷಯ. 1878ರ ನಿಧಿ ಕಾಯಿದೆಯ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ನೂರು ವರ್ಷ ಮೀರಿದ ನಾಣ್ಯವನ್ನು ದೇಶದಿಂದ ಹೊರಗೆ ಒಯ್ಯುವುದನ್ನು 1972ರ ಪ್ರಾಚ್ಯವಸ್ತು ಕಾಯಿದೆ ತಡೆಯುತ್ತದೆ.

ಕಂಪನಿ ಕೊನೆಗೂ ತನ್ನ ಹೆಸರನ್ನು ದೇಶದುದ್ದಗಲದ ರೂಪಾಯಿಯ ಮೇಲೆ ಹಾಕಿಸಿದ್ದು 1835ರ ಹದಿನೇಳನೆಯ ಕಾಯಿದೆಯಿಂದ. ಎಲ್ಲ ಪ್ರಾಂತ್ಯಗಳಿಗೂ 180 ಗ್ರೇನ್ ತೂಕದ ಒಂದೇ ರೂಪಾಯಿ. ಒಂದು ಬದಿ ನಾಲ್ಕನೆಯ ವಿಲಿಯಮ್ಮನ ತಲೆ, ಇನ್ನೊಂದು ಬದಿ ಹೂಬಳ್ಳಿಯೊಳಗೆ ಬೆಲೆ, ಸುತ್ತ ಕಂಪನಿಯ ಹೆಸರು. ಇದಕ್ಕಾಗಿ ವಾದಿಸಿದವರಲ್ಲಿ ಒಬ್ಬ ಕಲ್ಕತ್ತ ಟಂಕಸಾಲೆಯ ಲೋಹಪರೀಕ್ಷಕ ಜೇಮ್ಸ್ ಪ್ರಿನ್ಸೆಪ್. ಬೆಳ್ಳಿಯ ಶುದ್ಧಿ ನೋಡುತ್ತಲೇ ಹಳೆಯ ನಾಣ್ಯಗಳ ಹುಚ್ಚು ಹತ್ತಿಸಿಕೊಂಡು, 1837ರಲ್ಲಿ ಬ್ರಾಹ್ಮಿ ಲಿಪಿಯನ್ನು ಓದಿದವನೂ ಅವನೇ. ವಿಲಿಯಮ್ಮನ ಕತ್ತಿನ ಕೆಳಗೆ ಕೆಲವು ನಾಣ್ಯಗಳಲ್ಲಿ ‘ಎಫ್’, ಕೆಲವುಗಳಲ್ಲಿ ‘ಆರ್‌ಎಸ್’ ಎಂಬ ಸಣ್ಣ ಅಕ್ಷರಗಳಿವೆ. ಅಕ್ಷರವೇ ಇಲ್ಲದವೂ ಇವೆ. ಸಂಗ್ರಾಹಕರು ಮೂರನ್ನೂ ಕೂಡಿಸುತ್ತಾರೆ. ವಿಕ್ಟೋರಿಯಾ ಬಂದಳು; 1840 ಎಂಬ ಇಸವಿಯ ಅವಳ ರೂಪಾಯಿಯನ್ನು 1862ರವರೆಗೂ ಅದೇ ಇಸವಿಯಲ್ಲಿ ಹಾಕಿದರು. ಆಮೇಲೆ ಕಂಪನಿಯ ಹೆಸರು ಹೋಗಿ 1862 ಎಂಬ ಇಸವಿ ಬಂತು. ಅದೂ 1874ರವರೆಗೆ ಅಲ್ಲಾಡಲಿಲ್ಲ. ನಡುವಿನ ವರ್ಷಗಳ ಲೆಕ್ಕವನ್ನು ಟಂಕಸಾಲೆಯವರು ಹಿಂಬದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕೆಗಳಲ್ಲಿ ಇಟ್ಟರು, ಇಸವಿಯ ಕೆಳಗೆ ಒಂದೊಂದಾಗಿ.